ಜಿ-ವ್ಯಾಗನ್ ಬೀದರಿಗೆ ಬಂದು ಬಹಳ ವರ್ಷ ಆಯ್ತು ಸ್ವಾಮಿ!

ಮೊನ್ನೆ ಊರಿನ ಗೆಳೆಯನೊಬ್ಬ ಒಂದು ಫೋಟೊ ಕಳಿಸಿದ್ದ. ಬೀದರ ಕೋಟೆಯ ಮುಂದೆ ಕಪ್ಪು ಬಣ್ಣದ ಮರ್ಸಿಡಿಸ್ ಜಿ-ವ್ಯಾಗನ್ ನಿಂತಿದೆ. ಕೋಟೆ ನೋಡಲು ಹೈದರಾಬಾದಿನಿಂದ ಬಂದ ಯಾರದೋ ಗಾಡಿಯಂತೆ. ಸುತ್ತಲೂ ಹುಡುಗರು ಸೆಲ್ಫಿ ತೆಗೆದುಕೊಳ್ಳುತ್ತಿದ್ದಾರೆ. ಕೆಳಗೆ ನನ್ನ ಗೆಳೆಯ ಬರೆದಿದ್ದ: "ನೋಡಲೇ, ಕೊನಿಗೂ ನಮ್ಮ ಬೀದರಿಗಿ ಜಿ-ವ್ಯಾಗನ್ ಬಂತು! ಗಾಡಿ ಅಂದ್ರ ಇದು. ಇದಕ್ಕ ಅಂತಾರ ಎವಲ್ಯೂಷನ್!"

ನಾನು ಸುಮ್ಮನಿರಬಹುದಿತ್ತು. ಇರಲಿಲ್ಲ. "ಅದು ಬೀದರಿಗಿ ಬಂದು ಮೂವತ್ತು ವರ್ಷ ಆಯ್ತಲೇ" ಅಂತ ಉತ್ತರ ಬರೆದೆ. "ಬೆಂಗಳೂರಾಗಿದ್ದು ನಿನ್ನ ತಲಿ ಕೆಟ್ಟದ" ಅಂದ. ತಲೆ ಕೆಟ್ಟಿರುವುದು ಹೌದು, ಆದರೆ ಆ ಮಾತು ತಮಾಷೆಗೆ ಹೇಳಿದ್ದಲ್ಲ. ಫೋನಿನಲ್ಲಿ ಹೇಳಿ ಮುಗಿಸುವಂಥದ್ದೂ ಅಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನೀವು ಯಾವತ್ತಾದರೂ ಬೀದರಿಗೆ ಹೋಗಿದ್ದರೆ ಬಸ್ ಸ್ಟ್ಯಾಂಡಿನ ಹೊರಗೆ "ಔರಾದ್ ಔರಾದ್ ಔರಾದ್", "ಭಾಲ್ಕಿ ಭಾಲ್ಕಿ" ಅಂತ ಕೂಗುವುದನ್ನು ಕೇಳಿರುತ್ತೀರಿ. ಆ ಕೂಗಿನ ಹಿಂದೆ ನಿಂತಿರುವ ಗಾಡಿಯೇ ಕ್ರೂಸರ್. ಟೆಂಪೊ ಟ್ರಾಕ್ಸ್ ಕುಲದ್ದು. ತಯಾರಿಸುವ ಕಂಪನಿಯ ಹೆಸರು ಮೊದಲು ಬಜಾಜ್ ಟೆಂಪೊ, 2005ರಿಂದ ಫೋರ್ಸ್ ಮೋಟಾರ್ಸ್. ಈ ಕಂಪನಿ 1980ರ ದಶಕದಲ್ಲಿ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಒಪ್ಪಂದ ಮಾಡಿಕೊಂಡು ಓಎಂ616 ಎಂಬ ಡೀಸೆಲ್ ಎಂಜಿನನ್ನು ಇಲ್ಲಿಯೇ ತಯಾರಿಸಲು ಶುರುಮಾಡಿತು. ನಾಲ್ಕು ಸಿಲಿಂಡರ್, 2.4 ಲೀಟರ್, ಟರ್ಬೊ ಇಲ್ಲ, ಅವಸರ ಇಲ್ಲ, ಸಾಯುವ ಮಾತೇ ಇಲ್ಲ! ಹಳೆಯ ಟ್ರಾಕ್ಸ್‌ಗಳ ಹೊಟ್ಟೆಯಲ್ಲಿದ್ದದ್ದು ಇದೇ.

ಈಗ ಜಿ-ವ್ಯಾಗನ್ ಕಥೆಗೆ ಬನ್ನಿ. 1972ರಲ್ಲಿ ಡೈಮ್ಲರ್-ಬೆಂಜ್ ಮತ್ತು ಆಸ್ಟ್ರಿಯಾದ ಸ್ಟೈಯರ್-ಡೈಮ್ಲರ್-ಪುಖ್ ಕಂಪನಿಗಳು ಸೇರಿ ಒಂದು ಗಟ್ಟಿಮುಟ್ಟಾದ ಗಾಡಿ ಮಾಡೋಣ ಅಂದವು. 1979ರಲ್ಲಿ ಆಸ್ಟ್ರಿಯಾದ ಗ್ರಾಜ್ ಊರಿನಲ್ಲಿ ತಯಾರಿಕೆ ಶುರುವಾಯಿತು. ಆ ಮೊದಲ ಜಿ-ವ್ಯಾಗನ್‌ಗಳಲ್ಲಿ 240 ಜಿಡಿ ಅಂತ ಒಂದು ಮಾದರಿ ಇತ್ತು. 72 ಅಶ್ವಶಕ್ತಿ. ಎಂಜಿನ್ ಯಾವುದು ಗೊತ್ತಾ? ಓಎಂ616!

ಈಗ ಹೇಳಿ, ಜಿ-ವ್ಯಾಗನ್ ಬೀದರಿಗೆ ಮೊನ್ನೆ ಬಂತೋ, ಆಗಲೇ ಬಂದಿತ್ತೋ? ಒಂದೇ ತಾಯಿಯ ಎರಡು ಮಕ್ಕಳು. ಒಬ್ಬ ಗ್ರಾಜ್‌ನಲ್ಲಿ ಬೆಳೆದು ಮೂರೂವರೆ ಕೋಟಿ ದಾಟಿದ. ಇನ್ನೊಬ್ಬ ಇವತ್ತಿಗೂ ಔರಾದ್ ರೋಡಿನಲ್ಲಿ ತಲೆಯ ಮೇಲೆ ಸೋಯಾ ಚೀಲ ಹೊತ್ತು ಓಡಾಡುತ್ತಿದ್ದಾನೆ. ವಿಕಾಸ ಅಂದರೆ ಇವರಲ್ಲಿ ಯಾರದ್ದು? ನನ್ನ ತಕರಾರು ಇರುವುದು ಇಲ್ಲೇ.

ದೊಡ್ಡಣ್ಣನ ವಿಕಾಸ ನೋಡೋಣ. 1979ರ ಜಿ-ವ್ಯಾಗನ್ ಒಂದು ಕೆಲಸದ ಗಾಡಿ. ಸೈನ್ಯಕ್ಕೆ, ಕಾಡಿನ ಇಲಾಖೆಗಳಿಗೆ, ಬೆಟ್ಟದ ರೈತರಿಗೆ ಅಂತ ಮಾಡಿದ್ದು. ಮುಂದಿನ ಗಾಲಿಗಳಿಗೂ ಹಿಂದಿನ ಗಾಲಿಗಳಿಗೂ ಡಿಫರೆನ್ಷಿಯಲ್ ಲಾಕ್ ಹಾಕಿಸಿಕೊಳ್ಳಬಹುದಿತ್ತು. ಏನಿದು ಲಾಕ್ ಅಂತ ಕೇಳುವವರಿಗೆ: ಗಾಡಿಯ ಒಂದು ಗಾಲಿ ಕೆಸರಿನಲ್ಲಿ ಸಿಕ್ಕಿಕೊಂಡರೆ ಎಂಜಿನಿನ ಶಕ್ತಿಯೆಲ್ಲ ಆ ಜಾರುವ ಗಾಲಿಯ ಕಡೆಗೇ ಹೋಗಿ ಅದು ಗಿರಗಿರ ತಿರುಗುತ್ತದೆ, ಗಾಡಿ ಮಾತ್ರ ನಿಂತಲ್ಲೇ ನಿಂತಿರುತ್ತದೆ. ಲಾಕ್ ಹಾಕಿದರೆ ಎರಡೂ ಗಾಲಿ ಒಟ್ಟಿಗೆ ತಿರುಗಲೇಬೇಕು. ಭಾಲ್ಕಿಯ ಯಾವ ರೈತನನ್ನು ಕೇಳಿದರೂ ಹೇಳುತ್ತಾನೆ, ಟ್ರಾಕ್ಟರಿನಲ್ಲಿ ಹಿಮ್ಮಡಿಯ ಹತ್ತಿರ ಇರುವ ಪೆಡಲ್ ಅದೇ. ಮೃಗಶಿರ ಮಳೆ ಬಿದ್ದ ಎರೆ ಹೊಲದಲ್ಲಿ ಅದಿಲ್ಲದೆ ಬದುಕಿಲ್ಲ.

1990ರಲ್ಲಿ ಹೊಸ ಮಾದರಿ ಬಂತು. ಸದಾ ನಾಲ್ಕೂ ಗಾಲಿ ಎಳೆಯುವ ವ್ಯವಸ್ಥೆ, ಮಧ್ಯಕ್ಕೆ ಮೂರನೇ ಲಾಕ್, ಎಬಿಎಸ್ ಬ್ರೇಕ್. ಇಲ್ಲಿಯವರೆಗೆ ಎಂಜಿನಿಯರಾಗಿ ನನ್ನದು ಒಂದು ಸಲಾಂ. ಆದರೆ ಜೊತೆಗೇ ಚರ್ಮದ ಸೀಟು ಬಂತು, ಮರದ ಹಲಗೆಯ ಅಲಂಕಾರ ಬಂತು. 1999ರಲ್ಲಿ ಎಎಂಜಿಯ ಜಿ55 ಬಂತು. 2012ರಲ್ಲಿ ಹನ್ನೆರಡು ಸಿಲಿಂಡರಿನ ಜಿ65 ಬಂತು, 612 ಅಶ್ವಶಕ್ತಿಯದ್ದು! 2018ರ ಜಿ63ಗೆ 585 ಅಶ್ವಶಕ್ತಿ, ಎರಡೂವರೆ ಟನ್ ಭಾರದ ಗಾಡಿ ನಾಲ್ಕೂವರೆ ಸೆಕೆಂಡಿನಲ್ಲಿ ನೂರರ ವೇಗ ಮುಟ್ಟುತ್ತದೆ. 2024ರಲ್ಲಿ ಬ್ಯಾಟರಿ ಜಿ-ವ್ಯಾಗನ್ ಬಂತು, ಅದು ನಿಂತಲ್ಲೇ ಬುಗುರಿಯ ಹಾಗೆ ತಿರುಗುತ್ತದೆ. ಯಾಕೆ ತಿರುಗಬೇಕು ಅಂತ ಕೇಳಬೇಡಿ. ತಿರುಗುತ್ತದೆ, ಅಷ್ಟೇ.

ಒಂದು ಸಣ್ಣ ಲೆಕ್ಕ. ಜಿ63ಯ 585 ಅಶ್ವಶಕ್ತಿಯನ್ನು ಅದರಲ್ಲಿ ಕೂರುವ ಐದು ಜನಕ್ಕೆ ಹಂಚಿದರೆ ತಲಾ 117. ಕ್ರೂಸರಿಗೆ ಆ ಹಳೆಯ 72 ಅಂತಲೇ ಇಟ್ಟುಕೊಂಡು ಹದಿನೆಂಟು ಜನಕ್ಕೆ ಹಂಚಿದರೆ ತಲಾ 4. ಹದಿನೆಂಟು ಎಲ್ಲಿಂದ ಬಂತು ಅಂದರೆ, ನಾನೇ ಎಣಿಸಿದ್ದೆ.

ಎರಡು ವರ್ಷದ ಹಿಂದೆ, ಶ್ರಾವಣ ಮಾಸ. ಬೆಂಗಳೂರಿನಿಂದ ಹೋದ ನನ್ನ ರೈಲು ತಡವಾಗಿ ಬೀದರ ತಲುಪಿತ್ತು. ಬೀದರಿನಿಂದ ಭಾಲ್ಕಿಗಾದರೆ ರೈಲಿದೆ, ಔರಾದ್ ಪಟ್ಟಣಕ್ಕೆ ಇಲ್ಲ. ನಮ್ಮೂರು ಸಂತಪೂರದಿಂದಲೂ ಒಳಗೆ. ಹೋಗಬೇಕಾದ ಬಸ್ಸು ಹೋಗಿಯಾಗಿತ್ತು. ಕ್ರೂಸರ್ ಹತ್ತಿದೆ. ಮುಂದೆ ಡ್ರೈವರ್ ಸೇರಿ ನಾಲ್ಕು, ನಡುವಿನ ಸೀಟಿನಲ್ಲಿ ಐದು, ಹಿಂದೆ ಎದುರುಬದುರಿನ ಅಡ್ಡ ಸೀಟುಗಳಲ್ಲಿ ನಾಲ್ಕು ನಾಲ್ಕು ಎಂಟು, ಹಿಂದಿನ ಮೆಟ್ಟಿಲ ಮೇಲೆ ಜೋತಾಡುವ ಕ್ಲೀನರ್ ಹುಡುಗ. ಒಟ್ಟು ಹದಿನೆಂಟು. ನನ್ನ ಎದುರಿಗೆ ಒಬ್ಬ ಹೆಣ್ಣುಮಗಳು, ಏಳು ತಿಂಗಳ ಗರ್ಭಿಣಿ. ಬೀದರಿನಲ್ಲಿ ಸ್ಕ್ಯಾನಿಂಗ್ ಮುಗಿಸಿಕೊಂಡು ಅತ್ತೆಯ ಜೊತೆ ಊರಿಗೆ ಹೊರಟಿದ್ದವಳು. ಅಡ್ಡ ಸೀಟು, ಬೆಲ್ಟ್ ಇಲ್ಲ. ಒಂದು ಕೈಯಲ್ಲಿ ಮೇಲಿನ ಸರಳು, ಇನ್ನೊಂದು ಕೈ ಹೊಟ್ಟೆಯ ಮೇಲೆ. ಗಾಡಿಯ ಹಿಂಭಾಗ ಕಮಾನ್ ಪಟ್ಟಾದ ಮೇಲೆ ಕೂತಿದೆ. ಪ್ರತಿ ಗುಂಡಿಗೂ ಅತ್ತೆ "ಸಾವಕಾಶ ಹೊಡೀರಪ್ಪಾ, ಸೊಸಿ ಹೊಟ್ಟೀಲೆ ಇದ್ದಾಳ" ಅನ್ನುತ್ತಿದ್ದರು. ಡ್ರೈವರ್ "ಆಯ್ತು ಅವ್ವಾ" ಅನ್ನುತ್ತಿದ್ದ. ಅವನಾದರೂ ಏನು ಮಾಡಿಯಾನು? ಗುಂಡಿಯಲ್ಲಿ ಇಳಿಸದೆ ಹೋಗಲು ಗುಂಡಿ ಇಲ್ಲದ ಜಾಗವಾದರೂ ಇರಬೇಕಲ್ಲ.

ಮಾಂಜ್ರಾದ ದೊಡ್ಡ ಸೇತುವೆ ದಾಟಿ, ಹೆದ್ದಾರಿ ಬಿಟ್ಟು ಹಳ್ಳಿಯ ರಸ್ತೆಗೆ ತಿರುಗಿದ ಮೇಲೆ ಒಂದು ಹಳ್ಳ. ಅದಕ್ಕೊಂದು ತಗ್ಗು ಸೇತುವೆ. ಅದರ ಮೇಲೆ ನೀರು ಹರಿಯುತ್ತಿತ್ತು. ಡ್ರೈವರ್ ಗಾಡಿ ನಿಲ್ಲಿಸಿದ. ಕ್ಲೀನರ್ ಹುಡುಗ ಪ್ಯಾಂಟು ಮಡಚಿಕೊಂಡು ಹೆಡ್‌ಲೈಟಿನ ಬೆಳಕಿನಲ್ಲಿ ನೀರಿಗಿಳಿದ. ಹದಿನಾಲ್ಕು ಹದಿನೈದು ವರ್ಷ ಇರಬೇಕು. ನಡುವಿನವರೆಗೆ ಹೋಗಿ ಕೂಗಿದ: "ಮೊಳಕಾಲ್ ತನಕ ಅದ ಕಾಕಾ, ಜೋರ್ ಅದ." ಕಾಕಾ ಎಂಜಿನ್ ಆರಿಸಿದ. ಮುಕ್ಕಾಲು ತಾಸು ಜಿಟಿಜಿಟಿ ಮಳೆಯಲ್ಲಿ ಕಾದೆವು. ನೀರು ಇಳಿಯಿತು, ಹುಡುಗ ಮತ್ತೊಮ್ಮೆ ಹೋಗಿ ಬಂದ, ನಾವೆಲ್ಲ ಇಳಿದು ಗಾಡಿಯ ಹಿಂದೆ ನಡೆದು ದಾಟಿದೆವು. ಏನೂ ಆಗಲಿಲ್ಲ. ಏನೂ ಆಗದ್ದರಿಂದ ಪೇಪರಿನಲ್ಲೂ ಬರಲಿಲ್ಲ.

ಕಾಯುತ್ತಾ ನಿಂತಾಗ ನನಗೆ ನೆನಪಾದದ್ದು ರೇಂಜ್ ರೋವರ್. ಅದರಲ್ಲಿ ಕನ್ನಡಿಗಳ ಕೆಳಗೆ ಸೆನ್ಸರ್ ಇಟ್ಟು ನೀರು ಎಷ್ಟು ಆಳ ಇದೆ ಅಂತ ಪರದೆಯ ಮೇಲೆ ತೋರಿಸುವ ತಂತ್ರ ಇದೆ. ನಮ್ಮ ಕ್ರೂಸರಿನಲ್ಲೂ ಸೆನ್ಸರ್ ಇದೆ ನೋಡಿ, ಹದಿನೈದು ವರ್ಷದ್ದು, ಪ್ಯಾಂಟು ಮಡಚಿಕೊಂಡಿರುವಂಥದ್ದು. ತಮಾಷೆ ಏನೆಂದರೆ ಆ ತಂತ್ರ ಇರುವ ಗಾಡಿ ಇಂಥ ಹಳ್ಳಕ್ಕೆ ಎಂದೂ ಬರುವುದಿಲ್ಲ. ಈ ಹಳ್ಳ ದಾಟಲೇಬೇಕಾದ ಗಾಡಿಗೆ ಆ ತಂತ್ರ ಎಂದೂ ಬರುವುದಿಲ್ಲ.

ರೇಂಜ್ ರೋವರಿನ ಕಥೆಯೂ ಹೀಗೇ. 1948ರಲ್ಲಿ ಬಂದ ಲ್ಯಾಂಡ್ ರೋವರ್ ಶುದ್ಧ ಹೊಲದ ಗಾಡಿ. ಯುದ್ಧದ ನಂತರ ಉಕ್ಕಿನ ಬರ ಇದ್ದದ್ದಕ್ಕೆ ಅಲ್ಯೂಮಿನಿಯಂ ತಗಡಿನಲ್ಲಿ ಮಾಡಿದ್ದು. 1970ರಲ್ಲಿ ಸ್ಪೆನ್ ಕಿಂಗ್ ಎಂಬ ಎಂಜಿನಿಯರ್ ಮತ್ತು ಸಂಗಡಿಗರು ರೇಂಜ್ ರೋವರ್ ತಂದರು. ಒಳಗೆ ಪ್ಲಾಸ್ಟಿಕ್ ಡ್ಯಾಶ್‌ಬೋರ್ಡು, ವಿನೈಲ್ ಸೀಟು, ಕೆಸರಾದರೆ ಪೈಪು ಹಿಡಿದು ತೊಳೆಯಬಹುದಿತ್ತು! 1992ರಲ್ಲಿ ಅದಕ್ಕೆ ಗಾಳಿಯ ಸಸ್ಪೆನ್ಷನ್ ಬಂತು. 2008ರಲ್ಲಿ ಕಂಪನಿಯನ್ನು ನಮ್ಮ ಟಾಟಾದವರೇ ಕೊಂಡರು. ಈಗ ಭಾರತದಲ್ಲಿ ಅದರ ಬೆಲೆ ಎರಡು ಕೋಟಿಯ ಮೇಲೆ. ಪೈಪು ಹಿಡಿದು ಒಳಗೆ ತೊಳೆದು ನೋಡಿ ಆಮೇಲೆ ಹೇಳಿ :) ಆ ಸ್ಪೆನ್ ಕಿಂಗ್ ಮಹಾಶಯನೇ 2004ರಲ್ಲಿ, ಇಂಥ ಗಾಡಿಗಳನ್ನು ಪಟ್ಟಣದಲ್ಲಿ ಅಂತಸ್ತಿಗಾಗಿ ಓಡಿಸುವವರ ಮೇಲೆ ಹರಿಹಾಯ್ದಿದ್ದರು. ತಾವು ಮಾಡಿದ್ದು ಅದಕ್ಕಲ್ಲ ಅಂತ. ಹೆತ್ತವರೇ ಹೀಗಂದ ಮೇಲೆ ಹೊಗಳುಭಟ್ಟರಿಗೆ ಏನು ಉಳಿಯಿತು?

ನಮ್ಮ ದೇಶದ್ದೇ ಬೇಕಾ? 1998ರ ಟಾಟಾ ಸಫಾರಿಯಲ್ಲಿ ನಾಲ್ಕು ಗಾಲಿ ಎಳೆಯುವ ಮಾದರಿ ಸಿಗುತ್ತಿತ್ತು. 2021ರಲ್ಲಿ ಅದೇ ಹೆಸರಿನ ಹೊಸ ಗಾಡಿ ಬಂತು, ಲ್ಯಾಂಡ್ ರೋವರಿನ ತಳಪಾಯದಿಂದ ಹುಟ್ಟಿದ ತಳಪಾಯದ ಮೇಲೆ. ಅದರಲ್ಲಿ ಎಳೆಯುವುದು ಮುಂದಿನ ಎರಡೇ ಗಾಲಿ. ಹೆಸರು ಕಾಡಿನದ್ದು, ಕಾಲು ಪಟ್ಟಣದ್ದು.

ಈಗ ನನ್ನ ಮುಖ್ಯ ಮಾತು. ಗಮನಿಸಿ ನೋಡಿ, ಈ ಐವತ್ತು ವರ್ಷದಲ್ಲಿ ಈ ಗಾಡಿಗಳು ಸಾಧಿಸಿದ್ದು ಏನು? ಕೆಟ್ಟ ರಸ್ತೆಯಲ್ಲಿ ಹೋಗುವ ಶಕ್ತಿ ಅವಕ್ಕೆ ಮೊದಲಿನಿಂದಲೂ ಇತ್ತು. ಹೊಸದಾಗಿ ಬಂದದ್ದು ಕೆಟ್ಟ ರಸ್ತೆ ಒಳಗೆ ಕೂತವನಿಗೆ ಗೊತ್ತಾಗದಂತೆ ಮಾಡುವ ವಿದ್ಯೆ. ಗಾಳಿಯ ಸಸ್ಪೆನ್ಷನ್, ಪ್ರತಿ ಗಾಲಿಗೂ ಬೇರೆ ಬೇರೆ ಸ್ಪ್ರಿಂಗು, ಸದ್ದು ತಡೆಯುವ ಗಾಜು, ಬೆನ್ನು ಒತ್ತುವ ಸೀಟು. ಜಿ-ವ್ಯಾಗನ್ ಕೂಡ 2018ರಲ್ಲಿ ಮುಂದಿನ ಹಳೆಯ ಆಕ್ಸಲ್ ಬಿಟ್ಟು ಸ್ವತಂತ್ರ ಸಸ್ಪೆನ್ಷನ್ನಿಗೆ ಬಂತು. ಪ್ರತಿಯೊಂದು ಹೆಜ್ಜೆಯೂ ರಸ್ತೆಯನ್ನು ಮನುಷ್ಯನ ಸೊಂಟದಿಂದ ಇಷ್ಟಿಷ್ಟೇ ದೂರ ಮಾಡುತ್ತಾ ಬಂದಿದೆ.

ಅದರಲ್ಲೇನು ತಪ್ಪು ಅಂತ ಕೇಳುತ್ತೀರಿ. ಒಬ್ಬ ಪ್ರವಾಸಿಯ ವಿಷಯದಲ್ಲಿ ಏನೂ ತಪ್ಪಿಲ್ಲ. ಆದರೆ ನಮ್ಮಲ್ಲಿ ಇಂಥ ದೊಡ್ಡ ಗಾಡಿಗಳಲ್ಲಿ ಕೂರುವವರು ಯಾರು? ರಸ್ತೆಗೆ ದುಡ್ಡು ಮಂಜೂರು ಮಾಡುವವರು, ರಸ್ತೆಯ ಗುತ್ತಿಗೆ ಹಿಡಿಯುವವರು, ಬಿಲ್ಲಿಗೆ ಸಹಿ ಹಾಕುವವರು, ಅವರ ಹಿಂದೆ ಮುಂದೆ ಓಡಾಡುವವರು. ಎಲ್ಲರ ಬಳಿ ಜಿ-ವ್ಯಾಗನ್ ಇಲ್ಲ, ನಿಜ. ಆದರೆ ಅದರ ಚಿಕ್ಕಪ್ಪ ದೊಡ್ಡಪ್ಪನ ಮಕ್ಕಳು ಎಲ್ಲರ ಮನೆ ಮುಂದೆ ನಿಂತಿದ್ದಾರೆ. ಗುಂಡಿ ಮುಚ್ಚುವ ಅಧಿಕಾರ ಇರುವವನಿಗೆ ಗುಂಡಿ ಗೊತ್ತಾಗುವುದಿಲ್ಲ. ಗುಂಡಿ ಗೊತ್ತಾಗುವ ಆ ಗರ್ಭಿಣಿ ಹೆಣ್ಣುಮಗಳಿಗೆ ಅಧಿಕಾರ ಇಲ್ಲ. ಇದನ್ನು ನಾನು ವಿಕಾಸ ಅಂತ ಕರೆಯಲಾರೆ.

ಇಲ್ಲಿ ಕೆಲವರು ಎದ್ದು ನಿಲ್ಲುತ್ತಾರೆ, ಗೊತ್ತು. "ಹಿಂದೆ ಮಂತ್ರಿಗಳು ಅಂಬಾಸಡರಿನಲ್ಲಿ ಕುಲುಕಾಡಿಕೊಂಡೇ ಓಡಾಡುತ್ತಿದ್ದರು, ಆಗೇನು ರಸ್ತೆ ಕನ್ನಡಿಯ ಹಾಗಿತ್ತಾ?" ಒಳ್ಳೆಯ ಪ್ರಶ್ನೆ. ಇರಲಿಲ್ಲ. ಈಗಿನದಕ್ಕಿಂತ ಕೆಟ್ಟದಾಗಿತ್ತು. 2000ದಲ್ಲಿ ಶುರುವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯಿಂದ ಹಳ್ಳಿಗಳಿಗೆ ಡಾಂಬರು ಕಂಡಿದೆ, ಹೆದ್ದಾರಿಗಳು ಅಗಲವಾಗಿವೆ, 371(ಜೆ) ಬಂದ ಮೇಲೆ ನಮ್ಮ ಭಾಗಕ್ಕೆ ಪ್ರತ್ಯೇಕ ಮಂಡಳಿಯ ದುಡ್ಡೂ ಬರುತ್ತಿದೆ. ಇದನ್ನೆಲ್ಲ ಇಲ್ಲ ಅಂದರೆ ನಾನು ಸುಳ್ಳುಗಾರ ಆಗುತ್ತೇನೆ. ಆದರೆ ಆಗ ದುಡ್ಡಿರಲಿಲ್ಲ, ಈಗ ದುಡ್ಡಿದೆ. ನಂಜುಂಡಪ್ಪ ಸಮಿತಿ 2002ರಲ್ಲೇ ಔರಾದ್ ತಾಲೂಕನ್ನು ಅತ್ಯಂತ ಹಿಂದುಳಿದ ತಾಲೂಕುಗಳ ಪಟ್ಟಿಯಲ್ಲಿ ಬರೆದಿಟ್ಟು ಹೋಗಿದೆ. ಇನ್ನೂ ಒಂದು ಹಳ್ಳದ ಸೇತುವೆ ನಾಲ್ಕಡಿ ಎತ್ತರ ಆಗಲಿಲ್ಲ ಅಂದರೆ ಕಾರಣ ದುಡ್ಡಲ್ಲ. ಅದು ಯಾರ ಸೊಂಟಕ್ಕೂ ನಾಟಿಲ್ಲ.

ಇನ್ನು ತೆರಿಗೆಯ ಕಥೆ ಕೇಳಿ. 2017ರ ಜಿಎಸ್‌ಟಿಯಲ್ಲಿ ಎಸ್‌ಯುವಿ ಅಂದರೆ ಏನು ಅಂತ ಅಳತೆ ಬರೆದರು: ನಾಲ್ಕು ಮೀಟರಿಗಿಂತ ಉದ್ದ, 1500 ಸಿಸಿಗಿಂತ ದೊಡ್ಡ ಎಂಜಿನ್, ನೆಲದಿಂದ 170 ಮಿಲಿಮೀಟರ್ ಅಥವಾ ಹೆಚ್ಚು ಎತ್ತರ. ಸೆಸ್ ಸೇರಿ ತೆರಿಗೆ ನೂರಕ್ಕೆ 50. ಸರಿ, ಶ್ರೀಮಂತರ ಗಾಡಿ, ಕೊಡಲಿ. ಆದರೆ ಹತ್ತರಿಂದ ಹದಿಮೂರು ಜನ ಕೂರುವ ಗಾಡಿಗೆ, ಅಂದರೆ ನಮ್ಮ ಕ್ರೂಸರಿನಂಥದ್ದಕ್ಕೆ, ಎಷ್ಟಿತ್ತು ಗೊತ್ತಾ? 28ರ ಜೊತೆ ಸೆಸ್ 15, ಒಟ್ಟು 43! ಐಷಾರಾಮಕ್ಕೂ ಔರಾದಿನ ಕೂಲಿಯವರ ಗಾಡಿಗೂ ನಡುವೆ ಇದ್ದ ಅಂತರ ಏಳೇ ಏಳು. ಎಂಟು ವರ್ಷ ಹೀಗೇ ನಡೆಯಿತು. 2025ರ ಸೆಪ್ಟೆಂಬರ್ 22ರಿಂದ ಕ್ರೂಸರಿನಂಥ ಗಾಡಿಗೆ 18, ದೊಡ್ಡ ಎಸ್‌ಯುವಿಗೆ 40 ಆಗಿದೆ. ಒಳ್ಳೆಯದಾಯಿತು, ಒಪ್ಪಿಕೊಳ್ಳೋಣ. ಆದರೆ ಆ ಎಂಟು ವರ್ಷದಲ್ಲಿ ಸಾಲ ಮಾಡಿ ಗಾಡಿ ಕೊಂಡ ಡ್ರೈವರ್ ಕಾಕಾ ಆ ಕಂತು ಕಟ್ಟಲು ಹದಿಮೂರರ ಜಾಗದಲ್ಲಿ ಹದಿನೆಂಟು ಜನರನ್ನು ತುಂಬಿದ್ದು ಯಾರ ಲೆಕ್ಕಕ್ಕೆ ಬರೆಯೋಣ?

ತುಂಬಿದರೆ ಏನಾಗುತ್ತದೆ ಅಂತ ಎಲ್ಲರಿಗೂ ಗೊತ್ತು. 2022ರ ಆಗಸ್ಟ್ 25ರ ಬೆಳಗಿನ ಜಾವ ತುಮಕೂರು ಜಿಲ್ಲೆಯ ಶಿರಾ ಹತ್ತಿರ ಒಂದು ಕ್ರೂಸರ್ ಲಾರಿಗೆ ಡಿಕ್ಕಿಯಾಯಿತು. ಅದರಲ್ಲಿದ್ದವರು ಕೂಲಿಗಾಗಿ ಬೆಂಗಳೂರಿಗೆ ಹೊರಟಿದ್ದ ರಾಯಚೂರು ಕಡೆಯ ಜನ, ಇಪ್ಪತ್ತಕ್ಕೂ ಹೆಚ್ಚು. ಒಂಬತ್ತು ಮಂದಿ ಸತ್ತರು. ಮರುದಿನ ಎಲ್ಲರೂ "ಓವರ್‌ಲೋಡ್" ಅಂದರು. ಹೌದು, ಓವರ್‌ಲೋಡೇ. ಅಷ್ಟು ಜನಕ್ಕೆ ಅಷ್ಟು ಹೊತ್ತಿಗೆ ಕೈಗೆಟುಕುವ ದರದಲ್ಲಿ ಇನ್ನೇನು ಇತ್ತು ಅಂತ ಕೇಳಿದವರು ಕಡಿಮೆ.

ನಮ್ಮ ಹುಡುಗರಿಗೂ ಒಂದು ಮಾತು. ಭಾಲ್ಕಿಯಲ್ಲಿ, ಬೀದರಿನಲ್ಲಿ ಈಗ ದೊಡ್ಡ ಗಾಡಿಯೇ ಖದರು. ಕೆಎ-38, ಕೆಎ-39 ನಂಬರಿಗೆ ಲಕ್ಷಗಟ್ಟಲೆ ಸಾಲ. ಹೆಣ್ಣಿನ ಕಡೆಯವರಿಂದ ಗಾಡಿ ಕೇಳುವವರನ್ನೂ ನಾನು ಕಂಡಿದ್ದೇನೆ, ಅದಕ್ಕಾಗಿ ಹೊಲ ಮಾರಿದ ಅಪ್ಪನನ್ನೂ ಕಂಡಿದ್ದೇನೆ. "ನಮ್ಮ ಕಡಿ ರೋಡ್ ಹಂಗವ, ದೊಡ್ಡ ಗಾಡಿ ಬೇಕಾಗ್ತದ" ಅನ್ನುತ್ತಾರೆ. ಇದೇ ನೋಡಿ ಬಲೆ. ರಸ್ತೆ ಕೆಟ್ಟಿದೆ ಅಂತ ದೊಡ್ಡ ಗಾಡಿ ಕೊಳ್ಳುತ್ತೀರಿ. ಕೊಂಡ ದಿನದಿಂದ ರಸ್ತೆಯ ಬಗ್ಗೆ ಮಾತಾಡುವುದು ಬಿಡುತ್ತೀರಿ. ಊರಿನಲ್ಲಿ ಗಟ್ಟಿಯಾಗಿ ಬೈಯುವ ತಾಕತ್ತಿದ್ದ ಒಬ್ಬೊಬ್ಬರೂ ಹೀಗೆ ಗಾಜು ಏರಿಸಿಕೊಂಡು ಹೋದರೆ, ಕ್ರೂಸರಿನ ಅಡ್ಡ ಸೀಟಿನಲ್ಲಿ ಉಳಿಯುವವರು ಬೈದರೂ ಯಾರಿಗೂ ಕೇಳಿಸದವರು.

ಬೆಂಗಳೂರಿನ ನನ್ನ ಸಹೋದ್ಯೋಗಿಗಳು ಶನಿವಾರ ಭಾನುವಾರ "ಆಫ್‌ರೋಡಿಂಗ್" ಹೋಗುತ್ತಾರೆ. ದುಡ್ಡು ಕೊಟ್ಟು ಕೆಸರಿನಲ್ಲಿ ಸಿಕ್ಕಿಕೊಂಡು, ಹಗ್ಗ ಕಟ್ಟಿ ಎಳೆಸಿಕೊಂಡು ಫೋಟೊ ಹಾಕುತ್ತಾರೆ. ನನಗೆ ಅವರ ಮೇಲೆ ಸಿಟ್ಟಿಲ್ಲ. ಗಾಡಿಯ ಮೇಲಂತೂ ಇಲ್ಲವೇ ಇಲ್ಲ, ಜಿ-ವ್ಯಾಗನ್ನಿನ ಆ ಮೂರು ಲಾಕ್‌ಗಳ ಚಿತ್ರ ನೋಡುತ್ತಾ ನಾನೇ ಎಷ್ಟೋ ರಾತ್ರಿ ಕಳೆದಿದ್ದೇನೆ. ನನ್ನ ಸಿಟ್ಟು "ವಿಕಾಸ" ಅನ್ನುವ ಪದದ ಮೇಲೆ. ಬೆಲೆ ಏರಿದ್ದೆಲ್ಲ ವಿಕಾಸ, ಸೀಟು ಮೆತ್ತಗಾದದ್ದೆಲ್ಲ ವಿಕಾಸ ಅನ್ನುವುದಾದರೆ ನನ್ನ ಎಂಜಿನಿಯರಿಂಗ್ ಪದವಿ ವಾಪಸ್ ತೆಗೆದುಕೊಳ್ಳಿ.

ವಿಕಾಸ ಆಗಬೇಕಾದದ್ದು ಚಿಕ್ಕ ತಮ್ಮನದ್ದು. ಒಂದು ಜಿ63ಯ ಬೆಲೆಗೆ ಹತ್ತಿರ ಹತ್ತಿರ ಇಪ್ಪತ್ತು ಕ್ರೂಸರ್ ಬರುತ್ತವೆ. ಅವುಗಳಲ್ಲಿ ಅಡ್ಡ ಸೀಟು ತೆಗೆದು ಮುಂದೆ ಮುಖ ಮಾಡಿದ ಸೀಟು ಹಾಕಿ, ಪ್ರತಿ ಸೀಟಿಗೆ ಬೆಲ್ಟ್ ಕೊಡಿ. ಕದ್ದುಮುಚ್ಚಿ ಓಡಿಸುವ ಬದಲು ಮಾರ್ಗಕ್ಕೆ ಇಷ್ಟು ಗಾಡಿ, ಗಾಡಿಗೆ ಇಷ್ಟು ಜನ ಅಂತ ಪರ್ಮಿಟ್ ಕೊಡಿ. ಸಂಜೆಯ ರೈಲಿಗೆ ಹೊಂದುವ ಹಾಗೆ ಔರಾದಿಗೆ ಒಂದು ಬಸ್ಸು ಬಿಡಿ. ಹಳ್ಳದ ಸೇತುವೆ ಎತ್ತರಿಸಿ. ಇದಕ್ಕೆ 585 ಅಶ್ವಶಕ್ತಿ ಬೇಕಿಲ್ಲ.

ಇದೆಲ್ಲ ಆಗುವ ತನಕ ನನ್ನದೊಂದು ಚಿಕ್ಕ ಬೇಡಿಕೆ. ವರ್ಷಕ್ಕೆ ಒಂದೇ ಸಲ, ಮಳೆಗಾಲದಲ್ಲಿ, ರಸ್ತೆಗೆ ಸಂಬಂಧಪಟ್ಟ ಎಲ್ಲರೂ ತಮ್ಮ ತಮ್ಮ ಗಾಡಿಯನ್ನು ಬೀದರಿನಲ್ಲಿ ಬಿಟ್ಟು ಕ್ರೂಸರಿನ ಹಿಂದಿನ ಅಡ್ಡ ಸೀಟಿನಲ್ಲಿ ಕೂತು ಔರಾದಿಗೆ, ಅಲ್ಲಿಂದ ಹಳ್ಳಿಗಳ ಮೇಲೆ ಭಾಲ್ಕಿಗೆ, ಭಾಲ್ಕಿಯಿಂದ ಬೀದರಿಗೆ ಒಂದು ಸುತ್ತು ಹಾಕಿ ಬರಲಿ. ಟಿಕೆಟ್ಟು ನಾನು ಕೊಡುತ್ತೇನೆ.

ಗೆಳೆಯನಿಗೆ ಇದನ್ನೆಲ್ಲ ಓದಲು ಹೇಳಿದ್ದೇನೆ. ಜೊತೆಗೆ ಒಂದು ಫೋಟೊನೂ ಕಳಿಸಿದ್ದೇನೆ, ಆ ರಾತ್ರಿ ಹಳ್ಳದ ಹತ್ತಿರ ಮೊಬೈಲಿನಲ್ಲಿ ತೆಗೆದದ್ದು. ಸರಿಯಾಗಿ ಬಂದಿಲ್ಲ. ಎರಡು ಹೆಡ್‌ಲೈಟು, ಮಳೆ, ನೀರಿನಲ್ಲಿ ನಿಂತ ಹುಡುಗ. ಕೆಳಗೆ "ಬೀದರಿನ ಜಿ-ವ್ಯಾಗನ್" ಅಂತ ಬರೆದಿದ್ದೇನೆ. ಅವನು ಇನ್ನೂ ಉತ್ತರ ಕೊಟ್ಟಿಲ್ಲ.

ನೀವೇನಂತೀರಿ?